ಅಯ್ಯನವರು ಬಾರದ ಭಾನುವಾರ

ಹೋದ ವರ್ಷ ಮಳೆ ಶುರುವಾಗುವ ಹೊತ್ತಿಗೆ, ಚೆನ್ನೈ ಲೆಕ್ಕದಲ್ಲಿ ಅಂದರೆ ಅಕ್ಟೋಬರಿನಲ್ಲಿ, ನಮ್ಮ ದೊಡ್ಡಮ್ಮ ಹಾಸಿಗೆ ಹಿಡಿದರು. ಉಡುಪಿ ಕಡೆಯವರು. ಮಗನ ಜೊತೆ ಇರಲೆಂದು ಅಂಬತ್ತೂರಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವರು ಕಲಿತ ತಮಿಳು ತರಕಾರಿ ಗಾಡಿಯವನಿಗೂ ಆಟೋದವನಿಗೂ ಸಾಕಾಗುವಷ್ಟು. ನಮ್ಮ ಕಡೆಯ ಪ್ರಾಟೆಸ್ಟೆಂಟ್ ಮನೆಗಳ ರೂಢಿಯಂತೆ ಅಡುಗೆ, ಜಗಳ, ಮುದ್ದು ಎಲ್ಲ ತುಳುವಿನಲ್ಲಿ. ಪ್ರಾರ್ಥನೆಗೆ ಕೂತರೆ ಮಾತ್ರ ಕನ್ನಡ. ಭಾನುವಾರ ತಮಿಳು ಆರಾಧನೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ರಾಗ ಗುರುತು ಸಿಕ್ಕಿದ ಹಾಡುಗಳಿಗೆ ತಮ್ಮ ಕನ್ನಡದ ಸಾಲುಗಳನ್ನೇ ಮೆಲ್ಲಗೆ ಹಾಡಿಕೊಂಡು ಬರುತ್ತಿದ್ದರು. ಹಾಸಿಗೆ ಹಿಡಿದ ಮೇಲೆ ಅದೂ ನಿಂತಿತು.

ಆ ಸಭೆಗೆ ಅಯ್ಯನವರು ಒಬ್ಬರೇ. ಸಭಾಪಾಲಕರನ್ನು ನಮ್ಮ ಹಿರಿಯರು ಕರೆಯುವುದು ಹಾಗೆ. ತಮಿಳಿನ ಪ್ರಾಟೆಸ್ಟೆಂಟರೂ ಹಳೆಯ ರೂಢಿಯಲ್ಲಿ ‘ಐಯರ್’ ಅನ್ನುತ್ತಾರೆ. ಇದರಿಂದ ಆಗುವ ಗಲಿಬಿಲಿಯನ್ನು ಮೈಲಾಪುರದಲ್ಲಿ ಮನೆ ಮಾಡಿರುವ ಓದುಗರು ಊಹಿಸಿಕೊಳ್ಳಬಹುದು. ಭಾನುವಾರ ಅವರಿಗೆ ಬೆಳಗ್ಗೆ ಎರಡು ಆರಾಧನೆ, ಸಂಜೆ ಒಂದು, ನಡುವೆ ಊರ ಹೊರಗಿನ ಎರಡು ಚಿಕ್ಕ ಸಭೆಗಳು. ಕನ್ನಡ ಬರುವುದಿಲ್ಲ. ದೊಡ್ಡಮ್ಮನ ಮಗ ಫೋನ್ ಮಾಡಿದಾಗ ಅವರು ಹೇಳಿದ್ದು, “ನಮ್ಮಲ್ಲಿ ಕನ್ನಡದವರು ಒಬ್ಬರಿದ್ದಾರೆ, ಲೇ ಪ್ರೀಚರ್. ಶನಿವಾರ ಕಳಿಸುತ್ತೇನೆ. ನಾನು ಆಮೇಲೆ ಬರುತ್ತೇನೆ.”

ಶನಿವಾರ ಬಂದವರು ಪೆರಂಬೂರಿನ ಕೋಚ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಬಿಳಿ ಅಂಗಿ, ಹೆಗಲಿಗೆ ಬಟ್ಟೆ ಚೀಲ. ಒಳಗೆ ಬಂದವರೇ ಬೈಬಲ್ ತೆಗೆಯಲಿಲ್ಲ. ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಂಡು ಕೂತು, “ಏನ್ರೀ ಅಮ್ಮಾರೆ, ಹೆಂಗದೀರಿ?” ಎಂದರು.

ದೊಡ್ಡಮ್ಮ ಕಣ್ಣು ಬಿಟ್ಟು ನೋಡಿದರು. “ನೀವು ಯಾವ ಊರಿನವರು ಮಾರಾಯ್ರೆ?”

“ಗದಗ-ಬೆಟಗೇರಿ ರೀ. ನಿಮ್ಮ ಬಾಸೆಲ್ ಮಿಷನ್ನಿನವ್ರೇ.”

ಆಮೇಲೆ ಅರ್ಧ ಗಂಟೆ ನಡೆದದ್ದು ಊರಿನ ಮಾತು. ಬಾವಿ, ಹಲಸಿನ ಮರ, ಸಂಡೇ ಸ್ಕೂಲಿನ ಟೀಚರು. ಅವರು ಹೆಚ್ಚಾಗಿ ಕೇಳಿಸಿಕೊಂಡರು. ಕೊನೆಗೆ 23ನೇ ಕೀರ್ತನೆಯನ್ನು ಕನ್ನಡದಲ್ಲಿ ನಿಧಾನವಾಗಿ ಓದಿದರು. ದೊಡ್ಡಮ್ಮನ ತುಟಿ ಜೊತೆಗೇ ಆಡಿತು. ಚಿಕ್ಕ ಪ್ರಾರ್ಥನೆ. ಹೊರಡಲು ಎದ್ದಾಗ ದೊಡ್ಡಮ್ಮ ಅವರ ಕೈ ಹಿಡಿದುಕೊಂಡು ಕೇಳಿದರು, “ಹಾಗೇ ಭೋಜನವನ್ನೂ ಕೊಟ್ಟು ಹೋಗಿ. ಮೂರು ತಿಂಗಳಾಯಿತು.”

ಭೋಜನ ಎಂದರೆ ಕರ್ತನ ಭೋಜನ. ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ. ಅವರು ಮತ್ತೆ ಕೂತರು. “ಅದು ನನ್ನ ಕೈಯಾಗ ಇಲ್ರೀ ಅಮ್ಮಾರೆ. ನನಗ ಆ ಅಧಿಕಾರ ಕೊಟ್ಟಿಲ್ಲ. ಅಯ್ಯನವರನ್ನ ನಾನೇ ಕರಕೊಂಡು ಬರ್ತೀನಿ.”

ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಎಂಬತ್ತು ದಾಟಿದ ಮುದುಕಿ, ಭಾಷೆ ಬಲ್ಲ ಒಬ್ಬನೇ ಮನುಷ್ಯ. ಒಂದು ಚೂರು ರೊಟ್ಟಿಗೆ ಇಷ್ಟೊಂದು ನಿಯಮವೇ? ಬಸ್ ಸ್ಟಾಪಿನವರೆಗೆ ಅವರ ಜೊತೆ ನಡೆಯುತ್ತಾ ಕೇಳಿಯೇಬಿಟ್ಟೆ. “ನನ್ನ ಟ್ರೇನಿಂಗಿನಾಗ ಅರ್ಧ ಕಲಿಸಿದ್ದು ಏನು ಮಾಡಬೇಕು ಅಂತ. ಇನ್ನರ್ಧ, ಎಲ್ಲಿ ನಿಲ್ಲಬೇಕು ಅಂತ,” ಎಂದರು. ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ಅವರನ್ನು ಮತ್ತೆ ಮತ್ತೆ ಕಾಡಿ, ಒಂದಷ್ಟು ಓದಿ ತಿಳಿದುಕೊಂಡದ್ದು ಇಲ್ಲಿದೆ.

ಮೊದಲು ಈ ಸಭೆಯ ಬಗ್ಗೆ ಎರಡು ಮಾತು. ಬಿಷಪ್ಪರ ಮೇಲ್ವಿಚಾರಣೆಯಲ್ಲಿ ನಡೆಯುವ ಸಭೆಗಳಿಗೆ ಎಪಿಸ್ಕೋಪಲ್ ಸಭೆಗಳು ಎನ್ನುತ್ತಾರೆ. ಆ ಗ್ರೀಕ್ ಪದದ ಅರ್ಥವೇ ಮೇಲ್ವಿಚಾರಕ. ನಮ್ಮಲ್ಲಿ ಆ ಸಾಲಿನ ದೊಡ್ಡ ಸಭೆ ಸಿ.ಎಸ್.ಐ., ದಕ್ಷಿಣ ಭಾರತ ಸಭೆ. ಅದು ಹುಟ್ಟಿದ್ದು ಚೆನ್ನೈಯಲ್ಲೇ. ಜೆಮಿನಿ ಫ್ಲೈಓವರಿನಿಂದ ಕೆಥೆಡ್ರಲ್ ರೋಡಿಗೆ ತಿರುಗಿದರೆ ಬಿಳಿ ಕಂಬಗಳ, ಎತ್ತರದ ಗೋಪುರದ ಸೇಂಟ್ ಜಾರ್ಜ್ ಕೆಥೆಡ್ರಲ್ ಕಾಣುತ್ತದಲ್ಲ, ಆ ರಸ್ತೆಗೆ ಹೆಸರು ಬಂದದ್ದೇ ಅದರಿಂದ. 1816ರಲ್ಲಿ ಪ್ರತಿಷ್ಠೆಯಾದ ಆ ದೇವಾಲಯದಲ್ಲಿ 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತಷ್ಟೆ, ಆಂಗ್ಲಿಕನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಹಿನ್ನೆಲೆಯವರು ಒಂದಾದರು. ಮೈಸೂರು ಪ್ರಾಂತದ ಮೊದಲ ಬಿಷಪ್ಪರಾದ ಪಿ. ಗುರುಶಾಂತ ಅವರಿಗೆ ದೀಕ್ಷೆಯಾದದ್ದೂ ಆ ದಿನ ಅಲ್ಲಿಯೇ. ಆ ರಸ್ತೆಯಲ್ಲಿ ದಿನಾ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳುವ ನಮ್ಮವರಿಗೆ ಆ ಕಟ್ಟಡದಲ್ಲಿ ಒಂದು ಕನ್ನಡದ ನೆನಪೂ ಇದೆ ಎಂದು ಗೊತ್ತಿರಲಿಕ್ಕಿಲ್ಲ. ಬಾಸೆಲ್ ಮಿಷನ್ನಿನ ನಮ್ಮ ಕನ್ನಡ ಸಭೆಗಳು ಈ ಒಕ್ಕೂಟಕ್ಕೆ ಸೇರಿದ್ದು ಸ್ವಲ್ಪ ತಡವಾಗಿ. ಈಗ ಕರ್ನಾಟಕದಲ್ಲಿ ಮಧ್ಯ, ಉತ್ತರ, ದಕ್ಷಿಣ ಎಂದು ಮೂರು ಪ್ರಾಂತಗಳಿವೆ. ಇಡೀ ಸಭೆಯ ಸಿನೋಡ್ ಕಚೇರಿ ರಾಯಪೇಟೆಯ ವೈಟ್ಸ್ ರೋಡಿನಲ್ಲಿದೆ.

ಈ ಸಭೆಯ ಲೆಕ್ಕ ಮೇಲುನೋಟಕ್ಕೆ ಸುಲಭ. ಬಿಷಪ್ ಒಬ್ಬರು, ಅವರ ಕೆಳಗೆ ಸಭಾಪಾಲಕರು, ಅವರ ಕೈಕೆಳಗೆ ಒಂದೊಂದು ಪ್ಯಾಸ್ಟರೇಟ್. ಆದರೆ ಪ್ಯಾಸ್ಟರೇಟ್ ಎಂದರೆ ಒಂದೇ ಚರ್ಚು ಅಂದುಕೊಂಡರೆ ತಪ್ಪು. ನಗರದ ನಡುವಿನಲ್ಲಿ ಹಾಗಿರಬಹುದು. ತಿರುವಳ್ಳೂರು, ಕಾಂಚೀಪುರದ ಹಳ್ಳಿಗಳ ಕಡೆ ಹೋದರೆ, ಅಥವಾ ನಮ್ಮ ಗದಗ, ಹಾವೇರಿ, ಚಾಮರಾಜನಗರದ ಕಡೆ ಬಂದರೆ, ಒಬ್ಬ ಸಭಾಪಾಲಕರ ಪಾಲಿಗೆ ಒಂದಕ್ಕಿಂತ ಹೆಚ್ಚು ಊರುಗಳು ಬೀಳುತ್ತವೆ. ಭಾನುವಾರ ಬೆಳಗ್ಗೆ ಮನುಷ್ಯ ಒಂದೇ ಕಡೆ ಇರಬಲ್ಲ. ಉಳಿದ ಊರುಗಳಲ್ಲಿ ಗಂಟೆ ಹೊಡೆಯುವವರು, ಹಾಡು ಎತ್ತಿಕೊಡುವವರು, ವೇದಪಾಠ ಓದುವವರು, ಪ್ರಸಂಗ ಹೇಳುವವರು ಯಾರು? ಮೇಷ್ಟರು, ಬ್ಯಾಂಕ್ ಗುಮಾಸ್ತರು, ನರ್ಸುಗಳು, ರೈತರು. ದೀಕ್ಷೆ ಪಡೆದ ಸಭಾಪಾಲಕರು ಬಂದ ದಿನ ಭೋಜನ; ಬಾರದ ದಿನ ಇವರದೇ ಆರಾಧನೆ. ಹಳ್ಳಿಯ ವಿಶ್ವಾಸಿಯೊಬ್ಬರ ಬದುಕಿನಲ್ಲಿ ಇಂಥ ಭಾನುವಾರಗಳೇ ಹೆಚ್ಚು. ಹಾಗಿರುವಾಗ ಇವರಿಗೆ ಕೊಡುವ ತರಬೇತಿಯನ್ನು ಪಕ್ಕದ ಕೆಲಸ ಎಂದು ನೋಡುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ತರಬೇತಿಯಲ್ಲಿ ಏನಿರುತ್ತದೆ? ನಾನು ಬೈಬಲ್ ಪಾಂಡಿತ್ಯ ಅಂದುಕೊಂಡಿದ್ದೆ. ನಮ್ಮ ಗದಗಿನವರು ನಕ್ಕರು. ಅವರ ಮೊದಲ ಪಾಠ ಓದುವುದು. ಬರೀ ಓದುವುದು. ಎದುರಿಗೆ ಕೂತವರಲ್ಲಿ ಅರ್ಧ ಜನ ಪುಸ್ತಕ ತೆರೆದಿರುವುದಿಲ್ಲ, ಕೆಲವರಿಗೆ ಓದಲೇ ಬಾರದು. ಅವರ ಕಿವಿಗೆ ಬಿದ್ದದ್ದಷ್ಟೇ ಅವರಿಗೆ ಸಿಗುವ ವಾಕ್ಯ. ಹಾಗಾಗಿ ಹಿಂದಿನ ದಿನವೇ ಗಟ್ಟಿಯಾಗಿ ಮೂರು ಸಲ ಓದಿಕೊಳ್ಳಬೇಕು. ಹಳೆಯ ಒಡಂಬಡಿಕೆಯ ಉದ್ದದ ಹೆಸರುಗಳನ್ನು ಮೊದಲೇ ಬಾಯಿಗೆ ಪಳಗಿಸಿಕೊಳ್ಳಬೇಕು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಅವರ ಬೈಬಲಿನ ಪುಟಗಳಲ್ಲಿ ಈ ಪೆನ್ಸಿಲ್ ಗೆರೆಗಳು ಸಂಗೀತದ ಪುಸ್ತಕದಲ್ಲಿ ಇದ್ದ ಹಾಗೆ ಇವೆ.

ಎರಡನೆಯದು ಪ್ರಸಂಗ. ಯಾವ ಭಾನುವಾರಕ್ಕೆ ಯಾವ ವಿಷಯ, ಯಾವ ವೇದಭಾಗ ಎಂದು ಸಿನೋಡಿನ ಪಂಚಾಂಗವೇ ಹೇಳುತ್ತದೆ. ಅದರಿಂದ ಒಂದು ದೊಡ್ಡ ಉಪಕಾರ: ಮಾತಾಡುವವನಿಗೆ ತನ್ನ ಇಷ್ಟದ ನಾಲ್ಕು ವಚನಗಳಲ್ಲೇ ಗಿರಕಿ ಹೊಡೆಯಲು ಆಗುವುದಿಲ್ಲ. ಹದಿನೈದು ನಿಮಿಷ, ಒಂದೇ ವಿಷಯ, ಯಾರ ಮನೆಯ ಕಥೆಯೂ ಬೇಡ. ಕೊನೆಯದನ್ನು ಅವರು ಒತ್ತಿ ಹೇಳಿದರು. ಚಿಕ್ಕ ಸಭೆಯಲ್ಲಿ ಹೆಸರು ಹೇಳದೆ ಉದಾಹರಣೆ ಕೊಟ್ಟರೂ ಎಲ್ಲರಿಗೂ ಗೊತ್ತಾಗುತ್ತದೆ.

ಮೂರನೆಯದು ರೋಗಿಗಳ, ಮುದುಕರ, ಸಾವಾದ ಮನೆಗಳ ಭೇಟಿ. ಕುರ್ಚಿ ಹತ್ತಿರ ಎಳೆದುಕೊಂಡು ಕೂರಬೇಕು, ನಿಂತುಕೊಂಡು ಮಾತಾಡಬಾರದು. ದೇವರು ಯಾಕೆ ಹೀಗೆ ಮಾಡಿದ ಎಂದು ಕೇಳಿದರೆ ಉತ್ತರ ಕೊಡಲು ಹೋಗಬಾರದು. ಔಷಧಿಯ ಬಗ್ಗೆ ಸಲಹೆ ಬೇಡ. ಅಲ್ಲಿ ಕೇಳಿದ್ದು ಹೆಂಡತಿಯ ಹತ್ತಿರವೂ ಬಾಯಿ ಬಿಡುವಂತಿಲ್ಲ. ಆ ಶನಿವಾರ ಅವರು ಕುರ್ಚಿ ಎಳೆದ ಸದ್ದು ನನಗೆ ಈಗ ಬೇರೆಯೇ ಆಗಿ ಕೇಳುತ್ತದೆ.

ಇನ್ನು, ಎಲ್ಲಿ ನಿಲ್ಲಬೇಕು ಎಂಬ ಅರ್ಧ. ಆರಾಧನೆಯಲ್ಲಿ ಎಲ್ಲರೂ ತಮ್ಮ ಪಾಪಗಳನ್ನು ಅರಿಕೆ ಮಾಡಿಕೊಂಡ ಮೇಲೆ ಸಭಾಪಾಲಕರು ಸಭೆಯ ಕಡೆ ತಿರುಗಿ ಕ್ಷಮೆಯ ಮಾತು ಹೇಳುತ್ತಾರೆ. ಅವರು ಹೇಳುವಾಗ ‘ನಿಮ್ಮ’ ಪಾಪಗಳು. ಲೇ ರೀಡರ್ ಅದೇ ಜಾಗಕ್ಕೆ ಬಂದಾಗ ‘ನಮ್ಮ’ ಎನ್ನಬೇಕು. ಆಂಗ್ಲಿಕನ್ ಪರಂಪರೆಯ ಸಭೆಗಳಲ್ಲೆಲ್ಲ ಇರುವ ರೂಢಿ ಇದು; ಆಶೀರ್ವಾದದ ಮಾತಿಗೂ ಇದೇ ನಿಯಮ. ಒಂದು ಅಕ್ಷರದ ವ್ಯತ್ಯಾಸ. ‘ನಿಮ್ಮ’ ಎನ್ನುವವರು ಸಭೆಯ ಎದುರು ನಿಂತಿದ್ದಾರೆ, ‘ನಮ್ಮ’ ಎನ್ನುವವರು ಸಭೆಯ ಒಳಗೇ ನಿಂತಿದ್ದಾರೆ. ಇಷ್ಟು ವರ್ಷ ಚರ್ಚಿಗೆ ಹೋಗಿಯೂ ನಾನು ಇದನ್ನು ಗಮನಿಸಿರಲಿಲ್ಲ.

ದೀಕ್ಷಾಸ್ನಾನ ಸಭಾಪಾಲಕರ ಕೆಲಸ. ಆದರೆ ಆಸ್ಪತ್ರೆಯಲ್ಲಿ ಮಗು ಸಾಯುವ ಸ್ಥಿತಿಯಲ್ಲಿದ್ದು, ಸಭಾಪಾಲಕರು ಬರುವಷ್ಟು ಹೊತ್ತಿಲ್ಲ ಎಂದರೆ ದೀಕ್ಷಾಸ್ನಾನವಾದ ಯಾವ ವಿಶ್ವಾಸಿಯೂ ನೀರು ಹಾಕಿ ಅದನ್ನು ಮಾಡಬಹುದು. ಆಮೇಲೆ ಸಭೆಗೆ ತಿಳಿಸಬೇಕು. ಮದುವೆಯ ವಿಷಯದಲ್ಲಿ ಸಭೆಯ ನಿಯಮದ ಜೊತೆಗೆ ಸರ್ಕಾರದ ಕಾನೂನೂ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 5ನೇ ಸೆಕ್ಷನ್ ಯಾರು ಮದುವೆ ಮಾಡಿಸಬಹುದು ಎಂದು ಪಟ್ಟಿ ಕೊಡುತ್ತದೆ. ಬಿಷಪ್ಪರಿಂದ ದೀಕ್ಷೆ ಪಡೆದವರು ಅದರಲ್ಲಿ ಮೊದಲನೆಯವರು. ಆಮೇಲೆ ಲೈಸೆನ್ಸ್ ಇರುವ ಬೋಧಕರು, ಮ್ಯಾರೇಜ್ ರಿಜಿಸ್ಟ್ರಾರರು, ಹೀಗೆ. ಎಷ್ಟು ಒಳ್ಳೆಯ ಲೇ ಪ್ರೀಚರ್ ಆದರೂ ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಅವರು ಮಾಡಿಸಿದ ಮದುವೆಯಿಂದ ಹುಡುಗ ಹುಡುಗಿ ಮುಂದೆ ಕಚೇರಿಗಳನ್ನು ಅಲೆಯಬೇಕಾಗುತ್ತದೆ. ಕರ್ತನ ಭೋಜನಕ್ಕಂತೂ ವಿನಾಯಿತಿಯೇ ಇಲ್ಲ.

ಈ ಕೊನೆಯ ಮಾತು ಸುಮ್ಮನೆ ಬಂದದ್ದಲ್ಲ. ಸಿ.ಎಸ್.ಐ. ಹುಟ್ಟುವ ಮೊದಲು 28 ವರ್ಷ ಮಾತುಕತೆ ನಡೆಯಿತು. 1919ರಲ್ಲಿ ತರಂಗಂಬಾಡಿಯಲ್ಲಿ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವಿ.ಎಸ್. ಅಜರಾಯ ಮೊದಲಾದವರು ಕೂತು ಒಂದು ಹೇಳಿಕೆ ಹೊರಡಿಸಿದಾಗ ಅದು ಶುರುವಾದದ್ದು. ಆ ಮಾತುಕತೆಯ ಕಗ್ಗಂಟುಗಳಲ್ಲಿ ಒಂದು ಇದೇ ಪ್ರಶ್ನೆ: ಸಭೆ ಒಪ್ಪಿ ಅಧಿಕಾರ ಕೊಟ್ಟರೆ ದೀಕ್ಷೆಯಿಲ್ಲದ ಸಭಿಕನೊಬ್ಬ ಭೋಜನದ ಸಂಸ್ಕಾರ ನಡೆಸಬಹುದೇ? ಕಾಂಗ್ರಿಗೇಷನಲ್ ಹಿನ್ನೆಲೆಯವರು ಯಾಕೆ ಬಾರದು ಎಂದರು. ಅವರ ಪ್ರಕಾರ ಅಧಿಕಾರ ಇರುವುದೇ ಸಭೆಯ ಕೈಯಲ್ಲಿ. ಆಂಗ್ಲಿಕನರು ಸುತರಾಂ ಒಪ್ಪಲಿಲ್ಲ. ಒಂದು ಸಭೆಯ ಭೋಜನ ಎಲ್ಲ ಸಭೆಗಳದ್ದೂ ಹೌದು, ಅದಕ್ಕೆ ಎಲ್ಲರ ಪರವಾಗಿ ಕೈ ಇಟ್ಟು ದೀಕ್ಷೆ ಪಡೆದವನೇ ಬೇಕು ಎನ್ನುವುದು ಅವರ ವಾದ. ಕಡೆಗೆ ಉಳಿದದ್ದು ಆಂಗ್ಲಿಕನರ ಮಾತು. ಬದಲಿಗೆ ಯಾವ ಸಭೆಯ ಮೇಲೂ ಅದರ ಮನಸ್ಸಿಗೆ ಒಪ್ಪದ ಪದ್ಧತಿಯನ್ನು ಹೇರುವುದಿಲ್ಲ ಎಂಬ ವಚನವನ್ನೂ ಕೊಟ್ಟುಕೊಂಡರು. ದೊಡ್ಡಮ್ಮನ ಹಾಸಿಗೆಯ ಪಕ್ಕ ನಿಂತಾಗ ನಾನು ನನಗೇ ಗೊತ್ತಿಲ್ಲದೆ ಸೋತವರ ಪಕ್ಷ ಹಿಡಿದಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ.

ದೀಕ್ಷೆಯಿಲ್ಲದವರು ಸಭೆ ನಡೆಸುವುದು ಹೊಸ ಸಂಗತಿಯೇನಲ್ಲ. ತಮಿಳಿನಲ್ಲಿ ಅವರು ಉಪದೇಶಿಯಾರ್, ಕನ್ನಡದಲ್ಲಿ ಉಪದೇಶಿ. ತರಂಗಂಬಾಡಿಯಲ್ಲಿ 1733ರಲ್ಲಿ ದೀಕ್ಷೆ ಪಡೆದ ಆರೋನ್ ಭಾರತದ ಮೊದಲ ಪ್ರಾಟೆಸ್ಟೆಂಟ್ ಸಭಾಪಾಲಕ. ಅದಕ್ಕೆ ಮೊದಲು ಅವರೂ ಉಪದೇಶಿಯೇ. ನಮ್ಮ ಕಡೆ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಹೆಂಚು ಎಲ್ಲರಿಗೂ ಗೊತ್ತು, ಕಿಟ್ಟೆಲರ ನಿಘಂಟು ಗೊತ್ತು, ‘ಮಂಗಳೂರ ಸಮಾಚಾರ’ ಗೊತ್ತು. ಊರೂರಿನ ಉಪದೇಶಿಗಳ, ಸಭಾಹಿರಿಯರ ಬಗ್ಗೆ ಬರೆದವರು ಕಡಿಮೆ. 1914ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಆಮೇಲೆ ದೇಶದಿಂದಲೇ ಹೊರಗೆ ಕಳಿಸಿತು. ಬೇರೆ ಮಿಷನ್ನುಗಳು ಮೇಲ್ವಿಚಾರಣೆಗೆ ಬಂದವು ನಿಜ. ಆದರೆ ವಾರವಾರ ಗಂಟೆ ಹೊಡೆದು ಪ್ರಾರ್ಥನೆ ಮಾಡಿಸಿದವರು ಊರಿನವರೇ: ಬೆರಳೆಣಿಕೆಯ ದೇಶೀ ಸಭಾಪಾಲಕರು, ಉಪದೇಶಿಗಳು, ಹಿರಿಯರು. ದೊಡ್ಡಮ್ಮನ ಕಾಲದವರು ಚಿಕ್ಕವರಿದ್ದಾಗ ಕೇಳಿದ ಕಥೆಗಳೆಲ್ಲ ಅವರದ್ದು.

ಮೈಸೂರು ಸೀಮೆಯದು ಇನ್ನೊಂದು ದಾರಿ. 1821ರಲ್ಲಿ ಬೆಂಗಳೂರಿಗೆ ಬಂದ ವೆಸ್ಲಿಯನ್ ಮಿಷನ್ ತನ್ನ ಜೊತೆ ಲೋಕಲ್ ಪ್ರೀಚರ್ ಪದ್ಧತಿಯನ್ನು ತಂದಿತು. ಮೂರು ತಿಂಗಳಿಗೊಂದು ಪಟ್ಟಿ. ಯಾವ ಊರಿನಲ್ಲಿ ಯಾವ ಭಾನುವಾರ ಯಾರ ಪ್ರಸಂಗ ಎಂದು ಅದರಲ್ಲಿ ಬರೆದಿರುತ್ತದೆ. ಮೊದಲು ಪರೀಕ್ಷಾರ್ಥಿ, ಆಮೇಲೆ ಪೂರ್ಣ ಮಾನ್ಯತೆ. ಈ ಪದ್ಧತಿ ಹುಟ್ಟಿದ ಬಗ್ಗೆ ಮೆಥಡಿಸ್ಟರು ಹೇಳುವ ಒಂದು ಕಥೆ ಚೆನ್ನಾಗಿದೆ. ದೀಕ್ಷೆಯಿಲ್ಲದ ಯುವಕನೊಬ್ಬ ಪ್ರಸಂಗ ಮಾಡುತ್ತಿದ್ದಾನೆ ಎಂದು ತಿಳಿದು ಜಾನ್ ವೆಸ್ಲಿ ಅದನ್ನು ನಿಲ್ಲಿಸಲು ಲಂಡನ್ನಿಗೆ ಧಾವಿಸಿ ಬಂದನಂತೆ. ತಾಯಿ ಸುಸಾನಾ, ಮೊದಲು ಆ ಹುಡುಗನ ಮಾತನ್ನು ಒಮ್ಮೆ ಕೂತು ಕೇಳು ಎಂದಳಂತೆ. ಕೇಳಿದ ಮೇಲೆ ವೆಸ್ಲಿ ಸುಮ್ಮನಾದ.

ಮದ್ರಾಸಿನದ್ದೇ ಬೇರೆ ಗತ್ತು. 1886ರಲ್ಲಿ ಇಲ್ಲಿ ನ್ಯಾಷನಲ್ ಚರ್ಚ್ ಕಟ್ಟಿದ ಪುಲನಿ ಆಂಡಿ ಒಬ್ಬ ವೈದ್ಯ. 1938ರಲ್ಲಿ ತಾಂಬರಂನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಜಗತ್ತಿನ ಮಿಷನರಿಗಳೆಲ್ಲ ಸೇರಿದಾಗ, ಭಾರತದಲ್ಲಿ ಕ್ರೈಸ್ತಧರ್ಮವನ್ನು ಮತ್ತೆ ಮೊದಲಿಂದ ಯೋಚಿಸಿ ಎಂದು ಪುಸ್ತಕ ಬರೆದು ಎದುರಿಗಿಟ್ಟವರಲ್ಲಿ ಮುಖ್ಯರು ಪಿ. ಚೆಂಚಯ್ಯ ಮತ್ತು ವಿ. ಚಕ್ಕರೈ. ಇಬ್ಬರೂ ವಕೀಲಿಕೆ ಓದಿದವರು, ಯಾರಿಗೂ ದೀಕ್ಷೆ ಆಗಿರಲಿಲ್ಲ. ಚಕ್ಕರೈ ಕಾರ್ಮಿಕ ಸಂಘಟನೆಯ ಮುಂದಾಳು, 1941ರಲ್ಲಿ ಈ ಊರಿನ ಮೇಯರ್ ಕೂಡ ಆದವರು.

ದೀಕ್ಷೆ ಪಡೆದವರಲ್ಲೂ ಈ ಬಗ್ಗೆ ತಲೆಕೆಡಿಸಿಕೊಂಡವರಿದ್ದರು. ಲೆಸ್ಲಿ ನ್ಯೂಬಿಗಿನ್ 1936ರಲ್ಲಿ ಸ್ಕಾಟ್ಲೆಂಡಿನ ಸಭೆಯಿಂದ ಇಲ್ಲಿಗೆ ಬಂದು, ಕಾಂಚೀಪುರದಲ್ಲಿ ಕೆಲಸ ಮಾಡಿ, 1947ರಲ್ಲಿ ಮಧುರೈ-ರಾಮನಾಡಿನ ಬಿಷಪ್ ಆದರು. 1965ರಿಂದ 1974ರವರೆಗೆ ಮದ್ರಾಸಿನ ಬಿಷಪ್. ಪದವಿ ಪಡೆದ, ಸಂಬಳದ ಸಭಾಪಾಲಕ ಇದ್ದರೆ ಮಾತ್ರ ಸಭೆ ಎಂಬ ಪಡಿಯಚ್ಚು ಹೊರದೇಶದಿಂದ ಬಂದದ್ದು, ಹಳ್ಳಿಯ ಸಭೆಗೆ ಹಳ್ಳಿಯಲ್ಲೇ ಮುಂದಾಳುಗಳು ತಯಾರಾಗಬೇಕು ಎಂಬುದು ಅವರ ನಿಲುವು. ಅವರಿಗಿಂತ ಮುಂಚಿನ ಮದ್ರಾಸ್ ಬಿಷಪ್, ಸಿ.ಎಸ್.ಐ.ನ ಮೊದಲ ಮಾಡರೇಟರ್ ಮೈಕೇಲ್ ಹಾಲಿಸ್, ಹುದ್ದೆ ಬಿಟ್ಟ ಮೇಲೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಪಾಠ ಹೇಳಿದರು. ಮಿಷನರಿಗಳ ಯಜಮಾನಿಕೆ ಇಲ್ಲಿನ ಸಭೆಗೆ ಮಾಡಿದ ಹಾನಿಯ ಬಗ್ಗೆ 1962ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಬಿಷಪ್ಪರೇ ಹೀಗೆ ಬರೆದರು ಎನ್ನುವುದು ನನಗೆ ಇಷ್ಟವಾದ ಸಂಗತಿ.

ಕಲಿಯುವ ದಾರಿಗಳು ಈಗ ಹಲವಿವೆ. ಕೆಲಸ ಬಿಟ್ಟು ಸೆಮಿನರಿಗೆ ಹೋಗಲಾಗದವರಿಗೆ ಸೆಮಿನರಿಯೇ ಮನೆಗೆ ಬರಲಿ ಎಂಬ ಯೋಚನೆ 1963ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಶುರುವಾಯಿತು. ಅದೇ ಮಾದರಿಯಲ್ಲಿ 1971ರಲ್ಲಿ ಬೆಂಗಳೂರಿನಲ್ಲಿ ಟಾಫ್ಟಿ ಎಂಬ ಸಂಸ್ಥೆ ಹುಟ್ಟಿತು. ಮನೆಯಲ್ಲಿ ಪುಸ್ತಕ ಓದಿ ಉತ್ತರ ಬರೆಯುವುದು, ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಚರ್ಚಿಸುವುದು, ಕಲಿತದ್ದನ್ನು ಅದೇ ವಾರ ತನ್ನ ಸಭೆಯಲ್ಲಿ ಮಾಡಿ ನೋಡುವುದು. ನಮ್ಮ ಗದಗಿನವರು ಕಲಿತದ್ದು ಹೀಗೆ, ಫ್ಯಾಕ್ಟರಿಯ ಶಿಫ್ಟ್ ಮುಗಿಸಿ, ಲೋಕಲ್ ರೈಲಿನಲ್ಲಿ ಹೋಮ್‌ವರ್ಕ್ ಬರೆದುಕೊಂಡು. ಪದವಿಯೇ ಬೇಕು ಎನ್ನುವವರಿಗೆ ಸೆರಾಂಪುರದ ಸೆನೆಟ್ ಸಾಮಾನ್ಯ ಸಭಿಕರಿಗಾಗಿಯೇ ಮನೆಯಿಂದ ಓದುವ ಕೋರ್ಸುಗಳನ್ನು ನಡೆಸುತ್ತದೆ. ವೈಟ್‌ಫೀಲ್ಡಿನ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ 1963ರಿಂದ ಇಂಥವರಿಗೆ ಶಿಬಿರಗಳಿಗೆ ಜಾಗ ಕೊಟ್ಟಿದೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಕನ್ನಡದಲ್ಲೇ ದೇವಜ್ಞಾನ ಶಾಸ್ತ್ರ ಓದಬಹುದು. ಅಮೆರಿಕದ ಎಪಿಸ್ಕೋಪಲ್ ಸಭೆಯಲ್ಲಿ 1975ರಿಂದ ನಡೆದು ಬಂದಿರುವ ‘ಎಜುಕೇಶನ್ ಫಾರ್ ಮಿನಿಸ್ಟ್ರಿ’ ನಾಲ್ಕು ವರ್ಷದ್ದು. ಅಲ್ಲಿಯೂ ಸಣ್ಣ ಗುಂಪು, ವಾರಕ್ಕೊಮ್ಮೆ ಕೂಟ. ದೇಶ ಯಾವುದಾದರೂ ಈ ಕಲಿಕೆ ಹತ್ತು ಜನರ ಗುಂಪಿಗೇ ಬಂದು ನಿಲ್ಲುತ್ತದೆ.

ಇಷ್ಟೆಲ್ಲ ಇದ್ದರೂ ಹೊರನಾಡಿನ ಕನ್ನಡದವರ ಕಷ್ಟ ಬೇರೆ. ಚೆನ್ನೈಯಲ್ಲಿ ತರಬೇತಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಕನ್ನಡದಲ್ಲಿ ಬೇಕೆಂದರೆ ಬೆಂಗಳೂರು, ಮಂಗಳೂರು, ಧಾರವಾಡದ ಕಡೆ ನೋಡಬೇಕು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಮಾತಾಡುವ ಕನ್ನಡ ಬಂದರೂ ಸತ್ಯವೇದದ ಕನ್ನಡ ನಾಲಿಗೆಗೆ ಹತ್ತುವುದಿಲ್ಲ. ಅಂದರೆ ಮುಂದಿನ ದೊಡ್ಡಮ್ಮಂದಿರ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುವವರು ಯಾರು ಎಂಬುದು ನನಗೆ ನಿಜವಾದ ಚಿಂತೆ.

ಇನ್ನೊಂದು ಮಾತನ್ನೂ ಆಡಬೇಕು. ಸಿ.ಎಸ್.ಐ.ನಲ್ಲಿ ಸಾಮಾನ್ಯ ಸಭಿಕರಿಗೆ ಅಧಿಕಾರವೇ ಇಲ್ಲ ಎಂದಲ್ಲ. ಪ್ಯಾಸ್ಟರೇಟ್ ಕಮಿಟಿಯಿಂದ ಸಿನೋಡಿನವರೆಗೆ ಅವರು ಚುನಾಯಿತರಾಗಿ ಕೂರುತ್ತಾರೆ. ಬಿಷಪ್ಪರ ಆಯ್ಕೆಯಲ್ಲೂ ಅವರ ಓಟಿದೆ. ಶಾಲೆ, ಆಸ್ಪತ್ರೆ, ನಗರದ ನಡುವಿನ ಜಾಗಗಳು ಎಲ್ಲ ಆ ಕಮಿಟಿಗಳ ಕೈಯಲ್ಲಿವೆ. ಹೀಗಾಗಿ ಚುನಾವಣೆ ಬಂದರೆ ಕಾವೂ ಬರುತ್ತದೆ, ಕೋರ್ಟೂ ಬರುತ್ತದೆ. ಸಿನೋಡಿನ ಚುನಾವಣೆಯ ವ್ಯಾಜ್ಯ ಬೆಳೆದು, 2024ರಲ್ಲಿ ಮದ್ರಾಸ್ ಹೈಕೋರ್ಟ್ ಆಡಳಿತ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿತು. ನನ್ನ ದೂರು ಇಷ್ಟೇ: ಓಟು ಕೇಳುವಾಗ ಸಭಿಕ ನೆನಪಾದಷ್ಟು, ವೇದಪಾಠ ಓದಿಸುವಾಗ ನೆನಪಾಗುವುದಿಲ್ಲ. ಕಮಿಟಿಗೆ ನಿಲ್ಲಲು ಪೈಪೋಟಿ. ಶನಿವಾರ ಮಧ್ಯಾಹ್ನದ ತರಬೇತಿಗೆ ಏಳೆಂಟು ಜನ.

ಆ ಏಳೆಂಟರಲ್ಲಿ ಹೆಂಗಸರೇ ಹೆಚ್ಚು ಎಂದು ಗದಗಿನವರು ಹೇಳಿದರು. ನನಗೆ ಆಶ್ಚರ್ಯವಾಗಲಿಲ್ಲ. ಹಿಂದೆ ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದ ಬೈಬಲ್ ವುಮನ್‌ಗಳ ಕೆಲಸವೂ ಇದೇ ತಾನೆ. ಸಿ.ಎಸ್.ಐ.ನಲ್ಲಿ ಮೊದಲ ಮಹಿಳೆಗೆ, ಎಲಿಜಬೆತ್ ಪಾಲ್ ಅವರಿಗೆ, ಸಭಾಪಾಲಕ ದೀಕ್ಷೆ ಸಿಕ್ಕಿದ್ದು 1976ರಲ್ಲಿ. ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ನಂದ್ಯಾಲದಲ್ಲಿ ಬಂದದ್ದು 2013ರಲ್ಲಿ. ದೀಕ್ಷೆಯಿಲ್ಲದೆ ಅವರು ಸಭೆ ಹೊತ್ತದ್ದಕ್ಕೆ ಇಸವಿ ಹಾಕಲು ಬರುವುದಿಲ್ಲ.

ದೊಡ್ಡಮ್ಮನ ಕಡೆಗೆ ಮತ್ತೆ ಬರುತ್ತೇನೆ. ಮಂಗಳವಾರ ಸಂಜೆ ಮಳೆಯಲ್ಲಿ ಅಯ್ಯನವರೂ ಗದಗಿನವರೂ ಒಂದೇ ಸ್ಕೂಟರಿನಲ್ಲಿ ಬಂದರು. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದೆವು. ಅಯ್ಯನವರು ತಮಿಳಿನಲ್ಲಿ ಸಂಸ್ಕಾರ ನಡೆಸಿದರು. ಪ್ರತಿ ಭಾಗದ ಹಿಂದೆಯೇ ಇವರು ಅದನ್ನು ಕನ್ನಡದಲ್ಲಿ ಓದಿದರು. ಕ್ಷಮೆಯ ಮಾತು ಬಂದಾಗ ನಾನು ಕಿವಿಯಿಟ್ಟು ಕೇಳಿದೆ. ಅಯ್ಯನವರು ‘ನಿಮ್ಮ’ ಎಂದರು. ಇವರು ಕನ್ನಡದಲ್ಲಿ ಹೇಳುವಾಗ ‘ನಮ್ಮ’ ಎಂದರು. ಬರೀ ಅನುವಾದ ಮಾಡುತ್ತಿದ್ದಾಗಲೂ ಆ ಒಂದು ಅಕ್ಷರವನ್ನು ಬಿಟ್ಟುಕೊಡಲಿಲ್ಲ. ಸಿ.ಎಸ್.ಐ. ಪದ್ಧತಿಯಂತೆ ಒಬ್ಬರ ಅಂಗೈಯಿಂದ ಇನ್ನೊಬ್ಬರ ಅಂಗೈಗೆ ಸಮಾಧಾನ ದಾಟಿಸಿದೆವು. ದೊಡ್ಡಮ್ಮನ ಕೈ ಬೆಚ್ಚಗಿತ್ತು. “ಇವತ್ತು ಎಲ್ಲ ಅರ್ಥ ಆಯಿತು,” ಎಂದರು.

ಡಿಸೆಂಬರ್ ಮೊದಲ ವಾರದಲ್ಲಿ ಹೋದರು. ಮಣ್ಣು ಕೊಡುವಾಗಲೂ ಹಾಗೆಯೇ, ತಮಿಳಿನ ಹಿಂದೆ ಕನ್ನಡ.

ಈ ವರ್ಷ ಜೂನ್‌ನಿಂದ ಶನಿವಾರ ಮಧ್ಯಾಹ್ನ ಗದಗಿನವರ ಮನೆಗೆ ನಾವು ನಾಲ್ಕು ಜನ ಹೋಗುತ್ತಿದ್ದೇವೆ. ಒಬ್ಬಳು ಧಾರವಾಡದ ಹುಡುಗಿ, ಒರಗಡಂನಲ್ಲಿ ಕೆಲಸ. ಒಬ್ಬರು ಕೊಳ್ಳೇಗಾಲದ ನರ್ಸ್. ಪ್ರಸಂಗದವರೆಗೆ ಇನ್ನೂ ಬಂದಿಲ್ಲ. ಯೆಶಾಯನ 40ನೇ ಅಧ್ಯಾಯವನ್ನು ಮೂರು ವಾರದಿಂದ ಓದುತ್ತಿದ್ದೇವೆ, ಪೆನ್ಸಿಲ್ ಹಿಡಿದುಕೊಂಡು. ಹೋದ ಶನಿವಾರ ನಾನು ಒಂದೇ ಉಸಿರಿಗೆ ಮುಗಿಸಿ ತಲೆ ಎತ್ತಿದೆ. ಅವರು ಕಣ್ಣು ಮುಚ್ಚಿಕೊಂಡು ಕೂತಿದ್ದರು.

“ರೈಲು ತಪ್ಪೋದಿಲ್ರೀ,” ಎಂದರು. “ಇನ್ನೊಮ್ಮೆ ಓದ್ರಿ.”